ಟ್ರಿಪ್ಪಲ್ಲಿ ಏನಾದ್ರೂ ಎಡವಟ್ಟಾದ್ರೆ ಏನ್ ಮಾಡ್ತೀರಾ ಮಿಸ್?

ಪೇರೆಂಟ್ಸ್ ಮೀಟಿಂಗ್ ದಿನ ಒಬ್ರಲ್ಲ ಒಬ್ರು ನನ್ನ ಟೇಬಲ್ ಹತ್ರ ಬಂದು ಇದನ್ನ ಕೇಳೇ ಕೇಳ್ತಾರೆ. ನಾನು ಬೆಂಗಳೂರಿನ ಒಂದು ಸ್ಕೂಲಲ್ಲಿ ಸಂಗೀತ ಹೇಳಿಕೊಡ್ತೀನಿ, ವರ್ಷಕ್ಕೆ ಎರಡೋ ಮೂರೋ ಸಲ ನಮ್ಮ ಮಕ್ಕಳ ಗುಂಪನ್ನ ಕಾರ್ಯಕ್ರಮ, ಕಾಂಪಿಟಿಷನ್ ಅಂತ ಹೊರಗೂರಿಗೆ ಕರ್ಕೊಂಡು ಹೋಗ್ತೀವಿ, ಮೈಸೂರು, ಉಡುಪಿ, ಒಂದ್ಸಲ ಹೊಸಪೇಟೆ. 28 ಮಕ್ಕಳು, ಐದನೇ ಕ್ಲಾಸಿಂದ ಒಂಬತ್ತನೇ ಕ್ಲಾಸ್ ತನಕ. ಕೇಳೋರಿಗೆ "ಫಸ್ಟ್ ಏಡ್ ಬಾಕ್ಸ್ ಇರತ್ತೆ ಸಾರ್" ಅಂತ ಹೇಳಿ ಕಳಿಸ್ಬಹುದು, ಹಾಗೆ ಹೇಳಿ ಕಳಿಸಿದ್ದೀನಿ ಕೂಡ. ನಿಜವಾದ ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಚುಟುಕಾಗಿ ಹೇಳೋದಾದ್ರೆ, ಎಡವಟ್ಟಾದಾಗ ಅದರ ಹತ್ರ ಒಬ್ರೇ ಓಡ್ಬೇಕು. ಇನ್ನೊಬ್ರು ಓಡಬಾರದು.

ಇದನ್ನ ಕಲಿತಿದ್ದು ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ. ಚನ್ನಪಟ್ಟಣ ದಾಟ್ತಿದ್ದ ಹಾಗೆ ಬಸ್ಸಿನ ಮುಂದಿಂದ ಪಟಾರ್ ಅಂತ ಸೌಂಡು, ಆಮೇಲೆ ಎಂಜಿನ್ ಬಿಸಿಯಾಗಿ ಹೊಗೆ, ಡ್ರೈವರ್ ಹೆಂಗೋ ಎಡಕ್ಕೆ ತಂದು ನಿಲ್ಲಿಸಿದ್ರು. ಫ್ಯಾನ್ ಬೆಲ್ಟ್ ಕಿತ್ತೋಗಿತ್ತು. ಮಕ್ಕಳನ್ನೆಲ್ಲ ಎಡಗಡೆ ಬಾಗಿಲಿಂದ ಇಳಿಸಿ ಕಬ್ಬಿಣದ ತಡೆಗೋಡೆ ಆಚೆ ನಿಲ್ಲಿಸಿದ್ವಿ, ಅಲ್ಲೀವರೆಗೆ ಎಲ್ಲಾ ಸರಿ. ಆಮೇಲೆ ನಾನೂ ನನ್ನ ಜೊತೆ ಬಂದಿದ್ದ ಇನ್ನೊಬ್ಬ ಟೀಚರ್ರೂ ಇಬ್ರೂ ಹೋಗಿ ಡ್ರೈವರ್ ಪಕ್ಕ ನಿಂತು ಎಂಜಿನ್ ಒಳಗೆ ಇಣುಕಿ ನೋಡ್ತಾ ನಿಂತ್ಬಿಟ್ವಿ. ಇಬ್ರಿಗೂ ಫ್ಯಾನ್ ಬೆಲ್ಟ್ ಅಂದ್ರೆ ಏನು ಅಂತ ಗೊತ್ತಿರಲಿಲ್ಲ ಅನ್ನೋದು ಬೇರೆ ವಿಷ್ಯ. ಹತ್ತು ನಿಮಿಷ ಬಿಟ್ಟು ತಿರುಗಿ ಎಣಿಸಿದ್ರೆ 27.

ನನಗೆ ಕಿವಿಯಲ್ಲಿ ಗುಂಯ್ ಅಂತು. ನೂರರ ಸ್ಪೀಡಲ್ಲಿ ಕಾರುಗಳು ಹೋಗ್ತಿರೋ ರೋಡದು. 2023ರ ಆಗಸ್ಟಿಂದ ಅಲ್ಲಿ ಆಟೋ, ಬೈಕು ಬಿಡಲ್ಲ, ಅಂದ್ರೆ ಕೈ ಅಡ್ಡ ಹಿಡಿದು ನಿಲ್ಲಿಸೋಕೂ ಏನೂ ಸಿಗಲ್ಲ, ಯಾರನ್ನ ಕೇಳೋದು? ಹುಡುಗ ಸಿಕ್ಕಿದ, ಬೇರೆಲ್ಲೂ ಅಲ್ಲ, ಒಂದು ನೂರು ಮೀಟರ್ ಹಿಂದೆ ಪೊದೆ ಹತ್ರ ಒಂದಕ್ಕೆ ಹೋಗಿದ್ದ, ಚಡ್ಡಿ ಸರಿ ಮಾಡ್ಕೊಂಡು ಆರಾಮಾಗಿ ನಡ್ಕೊಂಡು ಬರ್ತಿದ್ದ. ಯಾಕೋ ಹೇಳದೆ ಹೋದೆ ಅಂತ ಕೂಗಿದ್ದಕ್ಕೆ ಅವನು ಹೇಳಿದ್ದು ಇವತ್ತಿಗೂ ನೆನಪಿದೆ: "ನೀವಿಬ್ರೂ ಬಿಜಿ ಇದ್ರಿ ಮಿಸ್, ಅದಕ್ಕೆ ಕೇಳ್ಲಿಲ್ಲ."

ಬೈಯೋಕೆ ಬಾಯೇ ಬರ್ಲಿಲ್ಲ.

ಅವತ್ತಿಂದ ಬಸ್ ಹತ್ತೋ ಮುಂಚೆನೇ ಮಾತಾಡ್ಕೋತೀವಿ, ಇವತ್ತು "ಗಾಡಿ ಮಿಸ್" ಯಾರು, "ಮಕ್ಕಳ ಮಿಸ್" ಯಾರು. ಬಸ್ಸು, ಹೋಟ್ಲು, ಆರ್ಗನೈಸರ್, ಆಸ್ಪತ್ರೆ, ಪೇರೆಂಟ್ಸ್ ಫೋನು ಎಲ್ಲಾ ಗಾಡಿ ಮಿಸ್ ತಲೆನೋವು. ಮಕ್ಕಳ ಮಿಸ್ ಆಕಾಶ ಕಳಚಿ ಬಿದ್ರೂ ಮಕ್ಕಳಿಗೆ ಬೆನ್ನು ಹಾಕಂಗಿಲ್ಲ. (ಹೈವೇಲಿ ಗಾಡಿ ಕೆಟ್ರೆ 1033ಕ್ಕೆ ಫೋನ್ ಮಾಡ್ಬೇಕು ಅಂತಾನೂ ಅವತ್ತೇ ಗೊತ್ತಾಗಿದ್ದು, ಅದೂ ಡ್ರೈವರ್ ಹೇಳಿ.)

ಎಣಿಸೋ ವಿಧಾನಾನೂ ಬದಲಾಯಿಸಿದ್ವಿ. ಏಳೇಳು ಜನರ ನಾಲ್ಕು ಗುಂಪು, ಒಬ್ಬೊಬ್ರಿಗೆ ಒಂದೊಂದು ಸ್ವರ. ನಾನು ಚಪ್ಪಾಳೆ ತಟ್ಟಿದ್ರೆ ಸ ರಿ ಗ ಮ ಪ ದ ನಿ ಅಂತ ಸಾಲಾಗಿ ಹಾಡ್ಬೇಕು, ಯಾವುದಾದ್ರೂ ಸ್ವರ ಬಿಟ್ಟೋದ್ರೆ ಕಿವಿಗೆ ತಕ್ಷಣ ಹೊಡೆಯತ್ತೆ, ಬೆರಳು ಮಾಡಿ ಎಣಿಸೋದೇ ಬೇಡ. ಒಂದ್ಸಲ ಮದ್ದೂರಲ್ಲಿ ತಿಂಡಿಗೆ ನಿಂತಾಗ ಎರಡನೇ ಗುಂಪಿನ 'ಮ'ನೂ 'ನಿ'ನೂ ಟಾಯ್ಲೆಟ್‌ಗೆ ಹೋಗಿದ್ವು, ಉಳಿದೋರು ನಗ್ತಾ "ಮಿಸ್, ನಮ್ಮ ಗುಂಪು ಇವತ್ತು ಮೋಹನ ರಾಗ" ಅಂದ್ರು (ಮೋಹನದಲ್ಲಿ 'ಮ', 'ನಿ' ಎರಡೂ ಇರಲ್ಲ). ಹೋಮ್‌ವರ್ಕ್ ಮಾಡದೇ ಇರೋ ಮಕ್ಕಳು ಇದನ್ನ ಮಾತ್ರ ಕರೆಕ್ಟಾಗಿ ನೆನಪಿಟ್ಕೊಂಡಿರ್ತಾರೆ ನೋಡಿ.

ಎಲ್ಲಾ ಎಡವಟ್ಟೂ ಹೊರಗಿಂದಾನೇ ಬರತ್ತೆ ಅಂತಲ್ಲ, ನಾನೇ ಮಾಡಿದ್ದೂ ಇದೆ. ಸಿಟಿ ಒಳಗೆ ಬಸ್ಸು ಸುತ್ತೋದು ಬೇಡ ಅಂತ ಎಲ್ರೂ ಬೆಳಿಗ್ಗೆ ಆರೂ ಕಾಲಿಗೆ ಕೆಂಗೇರಿ ಮೆಟ್ರೋ ಸ್ಟೇಷನ್ ಹತ್ರ ಬನ್ನಿ, ಮೆಟ್ರೋಲೇ ಬಂದ್ಬಿಡಿ ಅಂತ ಗ್ರೂಪಲ್ಲಿ ಜಾಣತನವಾಗಿ ಮೆಸೇಜ್ ಹಾಕಿದ್ದೆ. ಅವತ್ತು ಭಾನುವಾರ. ಭಾನುವಾರ ಮೆಟ್ರೋ ಶುರುವಾಗೋದೇ ಏಳಕ್ಕೆ. ಐದೂವರೆಗೆ ವೈಟ್‌ಫೀಲ್ಡ್ ಕಡೆಯಿಂದ ಒಬ್ರು ತಂದೆ ಮುಚ್ಚಿದ ಗೇಟಿನ ಫೋಟೋ ಕಳಿಸಿದ್ರು, ಕೆಳಗೆ ಒಂದಕ್ಷರ ಬರೆದಿರಲಿಲ್ಲ. ಏಳೂ ಮುಕ್ಕಾಲಿಗೆ ಹೊರಟ್ವಿ.

ಇನ್ನು ಸಂಗೀತದ ಗುಂಪಿಗೇ ಅಂತ ಇರೋ ಕಷ್ಟಗಳು. ಎಲ್ರೂ ಐಸ್‌ಕ್ರೀಮ್, ಮೊಸರು ಅಂತ ಹೆದರ್ತಾರೆ, ನನ್ನ ಅನುಭವದಲ್ಲಿ ಮಕ್ಕಳ ಗಂಟಲು ಹಾಳಾಗೋದು ಬಸ್ಸಿನ ಅಂತ್ಯಾಕ್ಷರಿಯಲ್ಲಿ. ಎಂಜಿನ್ ಸದ್ದಿನ ಮೇಲೆ ಮೂರು ಗಂಟೆ ಕಿರುಚಿದ್ರೆ ಸಂಜೆಗೆ ಮೇಲಿನ ಷಡ್ಜ ಎಲ್ಲಿಂದ ಬರತ್ತೆ? ಅದಕ್ಕೇ ಹೋಗೋವಾಗ ಅಂತ್ಯಾಕ್ಷರಿ ಬಂದ್, ಬರೋವಾಗ ಎಷ್ಟಾದ್ರೂ ಕಿರುಚಿಕೊಳ್ಳಿ.

ಉಡುಪಿಗೆ ಹೋದಾಗ ಮೃದಂಗದ ಹುಡುಗ ರವೆ ಮರೆತು ಬಂದಿದ್ದ. ಮೃದಂಗದ ಎಡಗಡೆಗೆ ರವೆ ಕಲಸಿ ಮೆತ್ತಿದ್ರೇನೇ ಆ ಗುಂ ಅನ್ನೋ ನಾದ ಬರೋದು, ನುಡಿಸಿ ಆದ್ಮೇಲೆ ಕೆರೆದು ತೆಗೀತಾರೆ. ಹೋಟೆಲ್ ಅಡುಗೆಮನೆಗೆ ಹೋಗಿ ಒಂದು ಹಿಡಿ ಚಿರೋಟಿ ರವೆ ಕೊಡಿ ಅಂದ್ರೆ ಭಟ್ಟರು ಪೂರಾ ಒಂದು ಪಾವು ಅಳೆದು ಕೊಟ್ಟು "ಉಪ್ಪಿಟ್ಟು ನಾವೇ ಮಾಡಿ ಕೊಡ್ತಿದ್ವಲ್ಲಮ್ಮ" ಅಂದ್ರು. ಆದ್ರೆ ಕರಾವಳಿಯ ಆ ಸೆಖೆಗೆ ಚರ್ಮ ತೇವ ಹೀರ್ಕೊಂಡು ಸಡಿಲ ಆಗಿ ಶ್ರುತಿ ಇಳೀತಾನೇ ಇತ್ತು, ಅವನು ಸ್ಟೇಜ್ ಹತ್ತೋ ತನಕ ಕಲ್ಲಲ್ಲಿ ತಟ್ಟುತ್ತಾನೇ ಇದ್ದ.

ವೀಣೆ ಕಥೆ ಮಾತ್ರ ನಗೋ ಥರದ್ದಲ್ಲ. ಮಾರ್ಚ್ ತಿಂಗಳು, ಮೈಸೂರು, ಕಾರ್ಯಕ್ರಮ ಸಂಜೆಗೆ ಅಂತ ಮಕ್ಕಳಿಗೆ ಝೂ ತೋರಿಸೋಕೆ ಹೋದ್ವಿ. ಬಸ್ಸು ಎರಡೂವರೆ ಗಂಟೆ ಬಿಸಿಲಲ್ಲಿ, ಒಳಗೆ ಕಿಟಕಿ ಪಕ್ಕದ ಸೀಟಲ್ಲಿ ವೀಣೆ. ವೀಣೆಯ 24 ಮೆಟ್ಟಿಲು, ಅಂದ್ರೆ ತಂತಿ ಒತ್ತಿ ನುಡಿಸೋ ಪಟ್ಟಿಗಳು, ಕೂತಿರೋದು ಮೇಣದ ಮೇಲೆ, ಜೇನುಮೇಣಕ್ಕೆ ಇದ್ದಿಲ ಪುಡಿ ಕಲಸಿರ್ತಾರೆ. ಕವರ್ ತೆಗೆದಾಗ ಮೆಟ್ಟಿಲುಗಳು ಮಳೆಗೆ ಮಲಗಿದ ರಾಗಿ ಪೈರಿನ ಹಾಗೆ ಒಂದ್ಕಡೆ ವಾಲಿದ್ವು, ತಾರಸ್ಥಾಯಿಯದ್ದು ಒಂದು ಪೂರ್ತಿ ಎದ್ದುಬಂದಿತ್ತು. ಮತ್ತೆ ಮೇಳ ಕಟ್ಟಿಸೋದು, ಅಂದ್ರೆ ಮೇಣ ಹಾಕಿ ಮೆಟ್ಟಿಲೆಲ್ಲಾ ಸ್ವರಕ್ಕೆ ಸರಿಯಾಗಿ ಕೂರಿಸೋದು, ಸಂಜೆ ಒಳಗೆ ಆಗೋ ಕೆಲಸಾನಾ? ನಾನು ಅವತ್ತು ಗಾಡಿ ಮಿಸ್, ಆರ್ಗನೈಸರ್ ಹಿಂದೆ ಓಡಿದೆ, ಬೇರೆ ವೀಣೆ ಸಿಗತ್ತಾ ಅಂತ. ಜೊತೆಗಿದ್ದ ಟೀಚರ್ ಉಳಿದ ಮಕ್ಕಳಿಗೆ ಡ್ರೆಸ್ ಹಾಕಿಸ್ತಿದ್ರು. ವೀಣೆ ಹುಡುಗಿ ನನ್ನ ಜೊತೆ ಬಂದಿದ್ದಾಳೆ ಅಂತ ಅವರು, ಅವರ ಹತ್ರ ಇದ್ದಾಳೆ ಅಂತ ನಾನು. ಅವಳು ಹಾಲ್ ಹಿಂದಿನ ಮೆಟ್ಟಿಲ ಮೇಲೆ ಒಬ್ಳೇ ಕೂತು ಅಂಗೈಯಲ್ಲಿ ಆ ಕಪ್ಪು ಮೇಣದ ಚೂರನ್ನ ಉಂಡೆ ಮಾಡ್ತಾ ಇದ್ಲು, ಬೆರಳೆಲ್ಲಾ ಮಸಿ, ಕಣ್ಣೊರೆಸಿಕೊಂಡು ಮುಖಾನೂ ಮಸಿ. ನಮ್ಮ ಸೂತ್ರದಲ್ಲೂ ತೂತಿದೆ ಅಂತ ಅವತ್ತು ಗೊತ್ತಾಯ್ತು, ಯಾರಿಗೆ ತೊಂದರೆ ಆಗಿದ್ಯೋ ಆ ಮಗು ಯಾರ ಪಾಲಿಗೆ ಅಂತ ನಾವು ಮಾತಾಡಿರಲಿಲ್ಲ. ಈಗ ಅದೂ ಮಕ್ಕಳ ಮಿಸ್ ಪಾಲಿಗೇ. ವೀಣೆ ಸಿಗಲಿಲ್ಲ. ಕೋರಸ್ಸಲ್ಲಿ ಹಾಡು ಅಂತ ನಾನು ಒತ್ತಾಯ ಮಾಡಿದೆ, ಹಾಡಿದ್ಲು, ಆದ್ರೆ ಅವಳಿಗೆ ಇಷ್ಟ ಇರಲಿಲ್ಲ, ಬಿಟ್ಬಿಡಬೇಕಿತ್ತು ಅಂತ ಈಗ ಅನ್ಸತ್ತೆ.

ಸೂತ್ರ ಸರಿಯಾಗಿ ಕೆಲಸ ಮಾಡಿದ್ದೂ ಹೇಳ್ಬೇಕಲ್ಲ. ಹೊಸಪೇಟೆಯಲ್ಲಿ ಒಂದು ಕಾರ್ಯಕ್ರಮ, ನಾಡಗೀತೆಯಿಂದ ಶುರು, ಎರಡನೇ ಸಾಲಿಗೆ ಕರೆಂಟ್ ಹೋಯ್ತು. ಮೈಕ್ ಇಲ್ಲ, ಕೀಬೋರ್ಡ್ ಇಲ್ಲ, ಎಲೆಕ್ಟ್ರಾನಿಕ್ ತಂಬೂರಿನೂ ಇಲ್ಲ. ಮೊದಲಾಗಿದ್ರೆ ಇಬ್ರೂ ಸ್ವಿಚ್ ಬೋರ್ಡ್ ಕಡೆ ಓಡ್ತಿದ್ವಿ. ಆ ಟೀಚರ್ ಓಡಿದ್ರು, ನಾನು ಮಕ್ಕಳ ಎದುರಿಗೆ ಕೂತಿದ್ದೋಳು ಕೂತೇ ಇದ್ದೆ, ತಾಳ ನಿಲ್ಲಿಸ್ಲಿಲ್ಲ, ಮೊಬೈಲಲ್ಲಿ ಶ್ರುತಿ ಆ್ಯಪ್ ಹಾಕಿ ಬೆಳಕು ನನ್ನ ಕೈಮೇಲೆ ಬೀಳೋ ಹಾಗೆ ಹಿಡ್ಕೊಂಡೆ. ಒಬ್ಬ ಹುಡುಗ ನನ್ನ ಮುಖ ನೋಡಿದ, ನಾನು ತಲೆ ಅಲ್ಲಾಡಿಸಿದೆ, ಮುಂದುವರಿಸಿದ್ರು. ನಾಡಗೀತೆಗೆ ಸರ್ಕಾರ 2022ರಲ್ಲಿ ಎರಡೂವರೆ ನಿಮಿಷ ಅಂತ ಗೊತ್ತು ಮಾಡಿದೆಯಲ್ಲ, ಅಷ್ಟೂ ಹೊತ್ತು ಕತ್ತಲಲ್ಲೇ ಹಾಡಿ ಮುಗಿಸಿದ್ರು, ಜನರೇಟರ್ ಬಂದಿದ್ದು ಚಪ್ಪಾಳೆ ಮುಗಿದ ಮೇಲೆ.

ಆರೋಗ್ಯದ್ದು ಬೇಗ ಹೇಳ್ಬಿಡ್ತೀನಿ. ಘಾಟಿ ಇರೋ ರೂಟಾದ್ರೆ ವಾಂತಿ ಗ್ಯಾರಂಟಿ, ವಾಂತಿ ಮಾತ್ರೆ ಮನೆಯವರು ಡಾಕ್ಟರನ್ನ ಕೇಳಿ ಚೀಟಿ ಬರೆದು ಕೊಟ್ಟಿದ್ರೆ ಮಾತ್ರ, ನಾನಾಗಿ ಯಾವ ಮಾತ್ರೆನೂ ಕೊಡಲ್ಲ. ಯಾರಿಗೆ ಕಡಲೆಕಾಯಿ ಆಗಲ್ಲ, ಯಾರಿಗೆ ವೀಸಿಂಗ್ ಇದೆ, ಮನೆ ನಂಬರು, ಜೊತೆಗೆ ಆಂಬುಲೆನ್ಸ್ 108, ಎಮರ್ಜೆನ್ಸಿ 112, ಮಕ್ಕಳ ಸಹಾಯವಾಣಿ 1098, ಎಲ್ಲಾ ಕಾಗದದಲ್ಲಿ, ಇಬ್ರ ಬ್ಯಾಗಲ್ಲೂ ಒಂದೊಂದು ಕಾಪಿ, ಮೊಬೈಲ್ ಚಾರ್ಜ್ ನಂಬಂಗಿಲ್ಲ. ಇನ್ನು ಏನೇ ಆದ್ರೂ ಪೇರೆಂಟ್ಸ್ ಗ್ರೂಪಿಗೆ ಮೊದಲ ಮೆಸೇಜ್ ನಮ್ಮಿಂದಾನೇ ಹೋಗ್ಬೇಕು. ಬೆಲ್ಟ್ ಕಿತ್ತೋದ ದಿನ ಯಾವ್ದೋ ಮಗು ಡ್ರೈವರ್ ಫೋನ್ ಈಸ್ಕೊಂಡು ಅಮ್ಮಂಗೆ "ಬಸ್ಸಲ್ಲಿ ಹೊಗೆ ಬಂತು" ಅಂತ ಮಾತ್ರ ಹೇಳಿ ಇಟ್ಬಿಟ್ಟಿತ್ತು, ಆಮೇಲೆ ನನ್ನ ಫೋನ್ ಏನಾಯ್ತು ಅಂತ ನೀವೇ ಊಹಿಸ್ಕೊಳ್ಳಿ.

ಮುಂದಿನ ತಿಂಗಳು ಧಾರವಾಡ, ರಾತ್ರಿ ಟ್ರೈನು. ಅದೇ ವೀಣೆ ಹುಡುಗಿ ಈಗ ಒಂಬತ್ತನೇ ಕ್ಲಾಸು, ಹೊಸದಾಗಿ ಮೇಳ ಕಟ್ಟಿಸಿದ ವೀಣೆ. ರೈಲ್ವೆ ಲೆಕ್ಕದಲ್ಲಿ ಸೀಟಿನ ಕೆಳಗೆ ಇಡೋ ಪೆಟ್ಟಿಗೆ ಒಂದು ಮೀಟರ್ ಉದ್ದ ದಾಟಂಗಿಲ್ಲ, ವೀಣೆ ಅದಕ್ಕಿಂತ ಉದ್ದ. ಎಲ್ಲಿ ಇಡೋದು ಅಂತ ಕೇಳಿದ್ಲು. ನನ್ನ ಬರ್ತ್ ಮೇಲೆ ಮಲಗ್ಸು, ನಾನು ಹೆಂಗೂ ಮಕ್ಕಳ ಮಿಸ್ಸು, ರಾತ್ರಿ ಮಲಗಲ್ಲ ಅಂದೆ. "ಫ್ಯಾನ್ ಕೆಳಗಿರೋ ಬರ್ತೇ ತಗೊಳ್ಳಿ ಮಿಸ್, ಸೆಖೆ ಆಗತ್ತೆ ಅದಕ್ಕೆ" ಅಂದ್ಲು.