ಬ್ಯಾಲೆನ್ಸ್ ಕಾಲಂ ಹಿಡಿದುಕೊಟ್ಟ ಪುಟ

ಮಾರ್ಚ್ 12, 2025, ಬುಧವಾರ

ಬೆಳಿಗ್ಗೆಯಿಂದ ಒಂದೇ ಕೆಲಸ. ವಿಚ್ಛೇದನದ ಕೇಸೊಂದರ ಬ್ಯಾಂಕ್ ಸ್ಟೇಟ್‌ಮೆಂಟ್‌ಗಳು. ಮೂರು ಖಾತೆ, ಆರು ವರ್ಷ, 412 ಪುಟ. ಎಲ್ಲವೂ ಸ್ಕ್ಯಾನ್ ಮಾಡಿದವು. ಪಿಡಿಎಫ್ ತೆರೆದು ಒಂದು ಹೆಸರು ಹುಡುಕಿದರೆ ಏನೂ ಸಿಗುವುದಿಲ್ಲ, ಯಾಕಂದ್ರೆ ಒಳಗಿರುವುದು ಅಕ್ಷರಗಳಲ್ಲ, ಕಾಗದದ ಫೋಟೋ.

ಲಾಯರ್ ಮೇಡಂ ಕೇಳಿದ್ದು ಮೂರೇ ಪ್ರಶ್ನೆ. ಇಬ್ಬರೂ ಬೇರೆಯಾಗುವ ಹಿಂದಿನ ವರ್ಷ ದೊಡ್ಡ ಮೊತ್ತ ಎಲ್ಲಿಗಾದರೂ ಹೋಗಿದೆಯಾ? ಕೋರ್ಟಿಗೆ ಹೇಳದೇ ಉಳಿದ ಖಾತೆ ಇದೆಯಾ? ಮನೆ ನಡೆಸಲು ತಿಂಗಳಿಗೆ ನಿಜಕ್ಕೂ ಎಷ್ಟು ಬೇಕಾಗುತ್ತಿತ್ತು? ಮೂರನೆಯದು ಜೀವನಾಂಶಕ್ಕೆ ಸಂಬಂಧಿಸಿದ್ದು, ಸುಮ್ನೆ ಅಂದಾಜು ಹೇಳುವ ಹಾಗಿಲ್ಲ.

ಸ್ಕ್ಯಾನ್‌ನಿಂದ ಅಕ್ಷರ ತೆಗೆಯುವುದಕ್ಕೆ ನಾನು ಟೆಸೆರಾಕ್ಟ್ ಬಳಸುತ್ತೇನೆ. 1985ರ ಹೊತ್ತಿಗೆ ಎಚ್‌ಪಿಯಲ್ಲಿ ಶುರುವಾಗಿ, 2005ರಲ್ಲಿ ಎಲ್ಲರಿಗೂ ಮುಕ್ತವಾದ ತಂತ್ರಾಂಶ. ಇಂಟರ್ನೆಟ್ ಇಲ್ಲದೆ ನನ್ನ ಕಂಪ್ಯೂಟರಿನಲ್ಲೇ ಓಡುತ್ತದೆ, ನನಗೆ ಅದೇ ಮುಖ್ಯ. ಒಂದು ಕುಟುಂಬದ ಆರು ವರ್ಷದ ಲೆಕ್ಕವನ್ನು ಯಾವುದೋ ಉಚಿತ ವೆಬ್‌ಸೈಟಿಗೆ ಹಾಕಿ ಪರಿವರ್ತಿಸಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ನಮ್ಮ ಮಾಹಿತಿಯಲ್ಲ, ಆ ಕುಟುಂಬದ್ದು.

ಮೊದಲ ಎರಡು ಗಂಟೆ ವಾರೆಯಾದ ಪುಟ ನೇರ ಮಾಡುವುದರಲ್ಲೇ ಹೋಯಿತು. 300 ಡಿಪಿಐಗಿಂತ (ಒಂದು ಇಂಚಿಗೆ 300 ಚುಕ್ಕಿ) ಕಡಿಮೆಯಲ್ಲಿ ಸ್ಕ್ಯಾನ್ ಆದ ಪುಟಗಳನ್ನು ಮತ್ತೆ ಕಳಿಸಿ ಎಂದು ಕೇಳಿದ್ದೇನೆ. ಮಸುಕಾದ ಪುಟದಲ್ಲಿ 3 ಯಾವುದು 8 ಯಾವುದು ಅಂತ ಯಂತ್ರ ಬಿಡಿ, ನನಗೇ ಗೊತ್ತಾಗುವುದಿಲ್ಲ.

ಆಮೇಲೆ ಶುರುವಾಗುವುದೇ ನಿಜವಾದ ಕೆಲಸ. ಅಕ್ಷರ ಬಂದ ತಕ್ಷಣ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಬಂದ ಅಂಕಿ ಸರಿ ಇದೆಯಾ ಅಂತ ಯಾರು ಹೇಳಬೇಕು? ಸ್ಟೇಟ್‌ಮೆಂಟ್‌ನಲ್ಲೇ ಸಾಕ್ಷಿ ಇದೆ, ಬ್ಯಾಲೆನ್ಸ್ ಕಾಲಂ. ಹಿಂದಿನ ಸಾಲಿನ ಬ್ಯಾಲೆನ್ಸ್‌ಗೆ ಜಮಾ ಕೂಡಿಸಿ, ಹೋದದ್ದನ್ನು ಕಳೆದರೆ ಈ ಸಾಲಿನ ಬ್ಯಾಲೆನ್ಸ್ ಬರಲೇಬೇಕು. ಪ್ರತಿ ಸಾಲಿಗೂ ಈ ಲೆಕ್ಕ ಹಾಕಿಸುತ್ತೇನೆ, ಕೂಡದ ಸಾಲು ಹಳದಿಯಾಗುತ್ತದೆ.

ಇವತ್ತು 137ನೇ ಪುಟದಲ್ಲಿ ಹೀಗೆ ಒಂದು ಹಳದಿ. ಹಿಂದಿನ ಬ್ಯಾಲೆನ್ಸ್ 48,320.50. ಹೋದದ್ದು 7,750. ಹಾಗಾದರೆ ಉಳಿಯಬೇಕಾದ್ದು 40,570.50, ಆದರೆ ಪುಟದಲ್ಲಿರುವುದು 46,570.50. ವ್ಯತ್ಯಾಸ ಸರಿಯಾಗಿ 6,000. ಮೂಲ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಕಾಗದ ಮಡಚಿದ ಗೆರೆ 1ರ ತಲೆಯ ಮೇಲೇ ಹಾದುಹೋಗಿತ್ತು, ಅದು 7 ಆಗಿ ಕಂಡಿತ್ತು. ನಿಜವಾದ ಮೊತ್ತ 1,750. ಇದನ್ನು ಹಾಗೇ ಬಿಟ್ಟಿದ್ದರೆ ಯಾರೋ ಒಬ್ಬರು ಆರು ಸಾವಿರ ಜಾಸ್ತಿ ಖರ್ಚು ಮಾಡಿದರು ಅಂತ ಕೋರ್ಟಿನಲ್ಲಿ ದಾಖಲಾಗುತ್ತಿತ್ತು.

ವ್ಯತ್ಯಾಸದ ಅಂಕಿಯೇ ಎಷ್ಟೋ ಸಲ ತಪ್ಪು ಯಾವ ಥರದ್ದು ಅಂತ ಹೇಳಿಬಿಡುತ್ತದೆ. ಒಂದು ಮೊತ್ತದ ಸರಿಯಾಗಿ ಎರಡರಷ್ಟಿದ್ದರೆ, ಹೋದ ದುಡ್ಡು ಜಮಾ ಕಾಲಂಗೆ ಸರಿದಿದೆಯಾ ಅಂತ ಮೊದಲು ನೋಡುತ್ತೇನೆ. 9ರಿಂದ ಭಾಗವಾದರೆ ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿರಬಹುದು: 5,940 ಇರುವಲ್ಲಿ 5,490 ಅಂತ ಬಂದರೆ ವ್ಯತ್ಯಾಸ 450. ಹಳೇ ಲೆಕ್ಕದವರಿಗೆಲ್ಲ ಗೊತ್ತಿದ್ದ ಉಪಾಯ ಇದು.

ಮಧ್ಯಾಹ್ನ ಇನ್ನೊಂದು ಹಳದಿ, ಇದು ಬೇರೆ ಥರ. ಒಂದು ಪುಟ 1,12,640ಕ್ಕೆ ಮುಗಿಯುತ್ತದೆ. ಮುಂದಿನ ಪುಟದ ಮೊದಲ ಸಾಲಿನಲ್ಲಿ 2,500 ಹೋಗಿ 31,890 ಉಳಿದಿದೆ. ಅಂದರೆ ಆ ಸಾಲಿಗೆ ಮುಂಚೆ ಇದ್ದದ್ದು 34,390. ನಡುವೆ 78,250 ಇಲ್ಲ. ಅಂಕಿ ತಪ್ಪು ಓದಿದ್ದಲ್ಲ, ಎರಡು ಸಲ ನೋಡಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ 4/9 ಅಂತಿದೆ, ಮುಂದಿನದರಲ್ಲಿ 6/9. ಐದನೇ ಪುಟವೇ ಇಲ್ಲ! ತಾರೀಖೂ 11ರಿಂದ 23ಕ್ಕೆ ಹಾರಿದೆ, ಅದೂ ಮೇಡಂ ಕೇಳಿದ್ದ ಅದೇ ವರ್ಷದಲ್ಲಿ.

ಯಾರೋ ಬೇಕಂತಲೇ ತೆಗೆದಿದ್ದಾರೆ ಅಂತ ನಾನು ಬರೆಯುವುದಿಲ್ಲ. ಸ್ಕ್ಯಾನರ್‌ನಲ್ಲಿ ಎರಡು ಹಾಳೆ ಒಟ್ಟಿಗೆ ಎಳೆದುಕೊಳ್ಳುವುದು ದಿನಾ ಆಗುವಂಥದ್ದು. ನಾನು ಬರೆಯುವುದು ಇಷ್ಟೇ: ಈ ಪುಟ ಇಲ್ಲ, ಈ ತಾರೀಖಿನಿಂದ ಈ ತಾರೀಖಿನ ತನಕ, ಒಟ್ಟಾರೆ ಇಷ್ಟು ಕಡಿಮೆಯಾಗಿದೆ. ಬರೀ ಹೆಸರು ಹುಡುಕಿ "ಏನೂ ಸಿಗಲಿಲ್ಲ ಮೇಡಂ" ಅಂದುಬಿಟ್ಟಿದ್ದರೆ ಆ ಪುಟ ಇಲ್ಲ ಅನ್ನುವುದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಬ್ಯಾಲೆನ್ಸ್ ಲೆಕ್ಕ ಅಂಕಿಗಳನ್ನು ಕಾಯುತ್ತದೆ, ಹೆಸರುಗಳನ್ನಲ್ಲ. ವಿವರದ ಕಾಲಂನಲ್ಲಿ ಒಂದೇ ಹೆಸರು ಎರಡು ಸಾಲಿಗೆ ಒಡೆದಿರುತ್ತದೆ, ಇಂಗ್ಲಿಷಿನ ಎಲ್ (l) ಅಕ್ಷರ 1 ಅಂಕಿಯಾಗಿರುತ್ತದೆ. ಅದಕ್ಕೇ ಹೆಸರನ್ನು ತುಂಡು ಮಾಡಿ ಹುಡುಕುತ್ತೇನೆ, ಖಾತೆ ನಂಬರಿನ ಕೊನೆಯ ನಾಲ್ಕು ಅಂಕಿ ಹಾಕಿಯೂ ಹುಡುಕುತ್ತೇನೆ. ಖಾತೆ ನಂಬರನ್ನು ಎಕ್ಸೆಲ್‌ಗೆ ಹಾಕುವ ಮುಂಚೆ ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿಕೊಳ್ಳಲೇಬೇಕು. ಎಕ್ಸೆಲ್ ಸಂಖ್ಯೆಯನ್ನು 15 ಅಂಕಿಗಳವರೆಗೆ ಮಾತ್ರ ಇಟ್ಟುಕೊಳ್ಳುತ್ತದೆ, 16ನೆಯದು ಸೊನ್ನೆಯಾಗುತ್ತದೆ. ಆಮೇಲೆ ಅದು ಯಾರ ಖಾತೆ ಅಂತ ಹೇಗೆ ಹೇಳುವುದು?

ಸಂಜೆ ಮನೆಖರ್ಚಿನ ಸಾಲುಗಳನ್ನು ಬೇರೆ ಮಾಡುತ್ತಾ ಕೂತೆ. ಒಂದು ಸ್ವಂತ ಖಾತೆಯಿಂದ ಇನ್ನೊಂದಕ್ಕೆ ಹಾಕಿಕೊಂಡದ್ದನ್ನು ಮೊದಲು ಜೋಡಿ ಮಾಡಿ ತೆಗೆದಿಟ್ಟೆ. ಇಲ್ಲದಿದ್ದರೆ ಒಂದೇ ದುಡ್ಡು ಒಂದು ಕಡೆ ಖರ್ಚು, ಇನ್ನೊಂದು ಕಡೆ ಆದಾಯ ಅಂತ ಲೆಕ್ಕಕ್ಕೆ ಬರುತ್ತದೆ. ಉಳಿದದ್ದರಲ್ಲಿ ಸ್ಕೂಲ್ ಫೀಸು, ಔಷಧಿ ಅಂಗಡಿ, ಕರೆಂಟ್ ಬಿಲ್. ಔಷಧಿ ಸಾಲುಗಳು ಒಂದು ವರ್ಷ ಪ್ರತಿ ವಾರ ಬಂದು, ಆಮೇಲೆ ಒಂದು ದಿನದಿಂದ ನಿಂತುಹೋಗಿವೆ. ಅಲ್ಲಿ ಸ್ವಲ್ಪ ಹೊತ್ತು ಕೈ ಆಡಲಿಲ್ಲ. ಇಬ್ಬರಲ್ಲಿ ಯಾರ ಪರ ಕೆಲಸ ಮಾಡುತ್ತಿದ್ದರೂ ಆ ಸಾಲಿನ ಮೊತ್ತ ಸರಿಯಾಗಿರಬೇಕು.

ಪ್ರತಿ ಸಾಲಿನ ಪಕ್ಕದಲ್ಲೂ ಮೂಲದ ಪುಟ ಸಂಖ್ಯೆ ಇಟ್ಟಿದ್ದೇನೆ. ಎದುರು ಪಕ್ಷದವರು ಯಾವುದೇ ಅಂಕಿಯ ಮೇಲೆ ಬೆರಳಿಟ್ಟು ಕೇಳಿದರೂ ಆ ಕಾಗದ ತೆಗೆದು ತೋರಿಸಬಹುದು. ನಾನು ಕೈಯಿಂದ ತಿದ್ದಿದ ಸಾಲುಗಳು ಬೇರೆ ಬಣ್ಣದಲ್ಲಿವೆ, ಯಂತ್ರ ಏನು ಓದಿತ್ತು ಅನ್ನುವುದೂ ಪಕ್ಕದಲ್ಲೇ ಇದೆ. ಮೂಲ ಫೈಲುಗಳನ್ನು ಮುಟ್ಟಿಲ್ಲ.

ಏಳು ಗಂಟೆಗೆ ಮೇಡಂಗೆ ಮೇಲ್ ಹಾಕಿದೆ. ಐದನೇ ಪುಟ ಬೇಕು, ಬ್ಯಾಂಕಿನಿಂದಲೇ ಹೊಸದಾಗಿ ತರಿಸಿದರೆ ಒಳ್ಳೆಯದು ಅಂತ. ಹತ್ತೇ ನಿಮಿಷದಲ್ಲಿ ಫೋನ್ ಬಂತು. "ಎಷ್ಟು ಅಂದ್ರಿ?" ಅಂದರು. ಮತ್ತೆ ಹೇಳಿದೆ. ನಾಳೆ ಬೆಳಿಗ್ಗೆಯೇ ಅರ್ಜಿ ಕೊಡಿಸುತ್ತಾರಂತೆ. ಶೀಟಿನಲ್ಲಿ ಆ ಜಾಗಕ್ಕೆ ಒಂದು ಖಾಲಿ ಸಾಲು ಸೇರಿಸಿ, ಹಳದಿಯಾಗಿಯೇ ಬಿಟ್ಟು ಎದ್ದೆ.