ಹಳೆಯ ಮಕ್ಕಳ ಪುಸ್ತಕ ಹುಡುಕಿಕೊಂಡು ದಾವಣಗೆರೆಗೆ ಹೋಗುವವರಿಗೆ

ಸೋಮವಾರ ಮಾತ್ರ ಹೋಗಬೇಡಿ. ನಮ್ಮಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗೆ ವಾರದ ರಜೆ ಭಾನುವಾರ ಅಲ್ಲ, ಸೋಮವಾರ. ನಾನು ಮಗಳನ್ನು ಕರೆದುಕೊಂಡು ತುಮಕೂರಿನಿಂದ ರೈಲು ಹತ್ತಿ, ಆಟೋ ಹಿಡಿದು ಹೋದರೆ ಬಾಗಿಲಿಗೆ ಬೀಗ. ಎದುರಿನ ಕಿರಾಣಿ ಅಂಗಡಿಯವರು "ಇವತ್ತು ಸೋಮವಾರ ಅಲ್ರಿ ಮೇಡಂ" ಅಂದರು. ಆ ಒಂದು ದಿನ ಹೋಯಿತು. ಜೊತೆಗೆ ಒಂದು ರಾತ್ರಿಯ ರೂಮಿನ ದುಡ್ಡೂ ಹೋಯಿತು.

ರೂಮಿನ ವಿಷಯ ಹೇಳಲೇಬೇಕು. ಫೋನಿನಲ್ಲಿ 900 ರೂಪಾಯಿ ಅಂದಿದ್ದ ಲಾಡ್ಜಿನವರು ಬ್ಯಾಗು ಒಳಗಿಟ್ಟ ಮೇಲೆ 1,600 ಅಂದರು. ಕೇಳಿದರೆ "ಮುಹೂರ್ತ ಇದೆ ಮೇಡಂ, ಊರಲ್ಲೆಲ್ಲೂ ರೂಮ್ ಸಿಗಲ್ಲ" ಅಂದರು. ಹತ್ತು ವರ್ಷದ ಹುಡುಗಿ ಜೊತೆಗಿದ್ದಳು, ಕತ್ತಲಾಗುತ್ತಿತ್ತು, ಕೊಟ್ಟೆ. ಬಿಸಿನೀರು ಬೆಳಿಗ್ಗೆ ಒಂದು ಗಂಟೆ ಮಾತ್ರ. ರಾತ್ರಿ ಹನ್ನೊಂದಾದರೂ ಬೀದಿಯಲ್ಲಿ ಬ್ಯಾಂಡ್ ಸೆಟ್ ನಿಲ್ಲಲಿಲ್ಲ. ಹಾಗಾಗಿ ದಾವಣಗೆರೆಗೆ ಹೊರಡುವ ಮುಂಚೆ ಪಂಚಾಂಗ ನೋಡಿ. ಮದುವೆ ಮುಹೂರ್ತ ಜಾಸ್ತಿ ಇರುವ ವಾರ ಬಿಟ್ಟುಬಿಡಿ. ರೂಮಿನ ರೇಟನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ನಾನು ಹೋದದ್ದು ಹಳೇ ಪೇಟೆ ಕಡೆಯ ಒಂದು ಗ್ರಂಥಾಲಯಕ್ಕೆ. ಹೆಸರು ಬರೆಯುವುದಿಲ್ಲ. ಅಲ್ಲಿ ಅಟ್ಟದ ಬೀಗದ ಕೈ ಇರುವುದು ಒಬ್ಬರೇ ಹಿರಿಯರ ಹತ್ತಿರ. ವಾರಕ್ಕೆ ಹತ್ತು ಜನ ಹೋಗಿ ಹಳೆಯ ಪುಸ್ತಕದ ಗಂಟು ಬಿಚ್ಚಿಸಿದರೆ ಅವರಿಗೂ ಕಷ್ಟ, ಪುಸ್ತಕಕ್ಕೂ ಕಷ್ಟ. ಆದರೆ ನಾನು ಹುಡುಕಿದ ದಾರಿ ಯಾವ ಊರಿನ ಹಳೆಯ ಗ್ರಂಥಾಲಯದಲ್ಲಾದರೂ ಕೆಲಸಕ್ಕೆ ಬರುತ್ತದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮಂಗಳವಾರ ಬೆಳಿಗ್ಗೆ ಹೋದರೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಪಿಎಸ್‌ಐ, ಎಫ್‌ಡಿಎ ಥರದ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗರು, ಹುಡುಗಿಯರು. ಬಾಗಿಲು ತೆಗೆಯುವ ಮುಂಚೆಯೇ ಬಂದು ಕಾದಿರುತ್ತಾರಂತೆ. ಅವರಿಗೆ ತೊಂದರೆ ಕೊಡಬೇಡಿ. ಜನ ಜಾಸ್ತಿ ಇದ್ದರೆ ನನಗೆ ಎಲ್ಲಿಯೂ ನಿಲ್ಲಲು ಆಗುವುದಿಲ್ಲ, ಆದರೆ ಅಲ್ಲಿ ಅಷ್ಟು ಜನರಿದ್ದೂ ಪುಟ ತಿರುಗಿಸುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಮಕ್ಕಳ ವಿಭಾಗ ಎಲ್ಲಿ ಎಂದು ಕೇಳಿದರೆ ಒಂದು ಸ್ಟೀಲ್ ರ‍್ಯಾಕ್ ತೋರಿಸಿದರು. ಎಲ್ಲ ಹೊಸವು. ಹಳೆಯ ಮಕ್ಕಳ ಕಥೆಗಾರ ಪಂಜೆ ಮಂಗೇಶರಾಯರು ನೆನಪಾಗಿ ಕಂಪ್ಯೂಟರಿನಲ್ಲಿ ಪಂಜೆ ಎಂದು ಹುಡುಕಿದರೆ ಏನೂ ಬರಲಿಲ್ಲ. ಇಲ್ಲಿಗೇ ವಾಪಸ್ ಬರುವವರು ಜಾಸ್ತಿ. ಕಂಪ್ಯೂಟರಿನಲ್ಲಿ ಇಲ್ಲ ಅಂದರೆ ಪುಸ್ತಕವೇ ಇಲ್ಲ ಅಂತಲ್ಲ. ಹಳೆಯದನ್ನು ಯಾರೂ ಟೈಪ್ ಮಾಡಿರುವುದಿಲ್ಲ, ಅಷ್ಟೇ. "ಹಳೇ ಅಕ್ಸೆಷನ್ ರಿಜಿಸ್ಟರ್ ತೋರಿಸ್ತೀರಾ ಸರ್?" ಎಂದು ಕೇಳಿ. ನಾನು ಹಾಗೇ ಕೇಳಿದೆ. ಆ ಹಿರಿಯರು ಕನ್ನಡಕ ಮೇಲಕ್ಕೆ ಸರಿಸಿ ನೋಡಿದರು.

"ಅದನ್ನ ಯಾರೂ ಕೇಳಲ್ರಿ ಮೇಡಂ. ಆಡಿಟ್‌ನೋರು ಬಂದಾಗಷ್ಟೇ ಹೊರಗ ತೆಗಿಯೋದು. ಕುಂದರ್ರಿ, ತರ್ತೀನಿ."

ಈ ರಿಜಿಸ್ಟರ್‌ನಲ್ಲಿ ಪುಸ್ತಕಗಳು ಬಂದ ಕ್ರಮದಲ್ಲೇ ಇರುತ್ತವೆ. ನಂಬರು, ತಾರೀಖು, ಬರೆದವರು, ಹೆಸರು, ಬೆಲೆ. ಒಂದೇ ಸಲ ಕೊಂಡ ಮಕ್ಕಳ ಪುಸ್ತಕಗಳು ಸಾಲಾಗಿ ಸಿಗುತ್ತವೆ. ಬೆಲೆಯ ಅಂಕಣ ನೋಡಿಕೊಂಡು ಹೋಗಿ, ಪೈಸೆಯಲ್ಲಿ ಬೆಲೆ ಇದ್ದರೆ ಅಲ್ಲಿ ನಿಲ್ಲಿ. ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರೆ ಆ ಪುಸ್ತಕ ರದ್ದಾಗಿದೆ ಅಂತ. ಮಕ್ಕಳ ಪುಸ್ತಕದ ಪುಟಗಳಲ್ಲಿ ಕೆಂಪು ಗೆರೆಯೇ ಜಾಸ್ತಿ. ಓದಿ ಓದಿ ಹರಿದವು, ಮಳೆಯಲ್ಲಿ ನೆಂದವು, ವಾಪಸ್ ಬರದೇ ಹೋದವು. ಗೆರೆ ಇಲ್ಲದ ನಲವತ್ತು ನಂಬರು ಬರೆದು ಕೊಟ್ಟೆ. ಅವರು ಮೇಲೆ ಹೋಗಿ, ಧೋತರದ ಬಟ್ಟೆಯಲ್ಲಿ ಕಟ್ಟಿದ ಐದು ಗಂಟು ಇಳಿಸಿದರು. ನುಸಿ ಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಧೂಳಿನ ಅಲರ್ಜಿ ಇದ್ದವರು ಮಾಸ್ಕ್ ಹಾಕಿಕೊಂಡೇ ಹೋಗಿ.

ಮೊದಲ ಗಂಟಿನಲ್ಲಿ ಭಾರತ ಭಾರತಿ ಮಾಲೆಯ ಪುಟ್ಟ ಪುಸ್ತಕಗಳು, ಮಹನೀಯರ ಜೀವನ ಕಥೆಗಳು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಬಂದ 510 ಪುಸ್ತಕಗಳ ಸಾಲಿನಲ್ಲಿ ಅಲ್ಲಿ ಉಳಿದದ್ದು ಇಪ್ಪತ್ತೇಳು. ಎರಡನೆಯದರಲ್ಲಿ ಮಾಸ್ಕೋದಲ್ಲಿ ಅಚ್ಚಾಗಿ ಬರುತ್ತಿದ್ದ ಕನ್ನಡ ಪುಸ್ತಕಗಳು. ಅವುಗಳ ಕಾಗದ ಈಗಲೂ ಬೆಳ್ಳಗೆ, ಗಟ್ಟಿಯಾಗಿದೆ.

ಮೂರನೆಯ ಗಂಟಿನ ಮುಂದೆ ನಾವಿಬ್ಬರೂ ಊಟದ ಹೊತ್ತು ಮರೆತು ಕೂತುಬಿಟ್ಟೆವು. ಬೈಂಡ್ ಮಾಡಿಸಿದ ಚಂದಮಾಮ. ಕನ್ನಡ ಚಂದಮಾಮ ಶುರುವಾದದ್ದು 1949ರಲ್ಲಿ. ಸಾಮಾನ್ಯವಾಗಿ ಬೈಂಡ್ ಮಾಡುವವರು ಸಂಚಿಕೆಗಳ ರಕ್ಷಾಪುಟ ಕಿತ್ತು ಎಸೆಯುತ್ತಾರೆ. ಇಲ್ಲಿ ಯಾರೋ ಪುಣ್ಯಾತ್ಮರು ಹಾಗೇ ಉಳಿಸಿದ್ದಾರೆ. ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಚಿತ್ರಗಳನ್ನು ಆ ಬಣ್ಣದಲ್ಲಿ ನಾನು ಹಿಂದೆ ನೋಡಿರಲಿಲ್ಲ. ನಮ್ಮ ನಾಡಿನ ಕಲಾವಿದರು ಅವರು. ಒಂದು ಬೇತಾಳ ಕಥೆಯ ಅಂಚಿನಲ್ಲಿ ಸೀಸದ ಕಡ್ಡಿಯಲ್ಲಿ ಯಾವುದೋ ಮಗು ಬರೆದಿತ್ತು: "ಉತ್ತರ ಮೊದಲೇ ನೋಡಬೇಡ. ನಾನು ನೋಡಿಬಿಟ್ಟೆ." ಮಗಳು ಕೈಯಿಂದ ಮುಂದಿನ ಪುಟ ಮುಚ್ಚಿಕೊಂಡು ಕಥೆ ಮುಗಿಸಿದಳು. ಆ ಮಗುವಿಗೆ ಈಗ ನನ್ನ ಅಮ್ಮನ ವಯಸ್ಸಾಗಿರಬಹುದು.

ನಾಲ್ಕನೆಯದರಲ್ಲಿ ಪಂಜೆ ಮಂಗೇಶರಾಯರ ಕಥೆಗಳು. ಮಂಗಳೂರಿನಲ್ಲಿ 1921ರಲ್ಲೇ ಬಾಲಸಾಹಿತ್ಯ ಮಂಡಲ ಕಟ್ಟಿ ಮಕ್ಕಳಿಗಾಗಿ ಪುಸ್ತಕ ತಂದವರು ಅವರು. 'ಸಿಗಡಿ ಯಾಕೆ ಒಣಗಲಿಲ್ಲ' ಎಂದು ಓದಿದ ಮಗಳು "ಅಮ್ಮ, ಸಿಗಡಿ ಅಂದ್ರೇನು?" ಎಂದು ಕೇಳಿದಳು. ಬಯಲುಸೀಮೆಯ ಮಗು, ಪಾಪ, ಸಮುದ್ರದ ಸಿಗಡಿ ಮೀನನ್ನು ಎಲ್ಲಿ ನೋಡಿರುತ್ತಾಳೆ. ಆ ಹಿರಿಯರು ರಿಜಿಸ್ಟರ್ ಪಕ್ಕಕ್ಕಿಟ್ಟು, ಬೆರಳು ಬಗ್ಗಿಸಿ ಸಿಗಡಿ ಹೇಗಿರುತ್ತದೆ ಎಂದು ತೋರಿಸಿದರು. ಆಮೇಲೆ ತಾವೂ ಪಕ್ಕದಲ್ಲಿ ಕೂತು ಕಥೆ ಕೇಳಿದರು.

ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಎಂಜಲು ಹಚ್ಚಿ ಪುಟ ತಿರುಗಿಸಬೇಡಿ. ಹರಿದ ಕಡೆ ಸೆಲ್ಲೋಟೇಪ್ ಅಂಟಿಸಬೇಡಿ, ಕೆಲವು ವರ್ಷಕ್ಕೆ ಅದು ಕಂದಾಗಿ ಅಕ್ಷರವನ್ನೇ ನುಂಗುತ್ತದೆ. ಫೋಟೋ ತೆಗೆಯುವ ಮುಂಚೆ ಕೇಳಿ. ಬರೆದವರು ತೀರಿಕೊಂಡು 60 ವರ್ಷ ದಾಟಿದ್ದರೆ ಅವರ ಬರಹದ ಹಕ್ಕು ಮುಗಿದಿರುತ್ತದೆ. ಪಂಜೆಯವರು ತೀರಿಕೊಂಡದ್ದು 1937ರಲ್ಲಿ, ಅವರ ಕಥೆಗಳನ್ನು ಶಾಲೆಗೆ ಧಾರಾಳವಾಗಿ ಪ್ರತಿ ಮಾಡಿಕೊಳ್ಳಬಹುದು. ಜಿ.ಪಿ. ರಾಜರತ್ನಂ ತೀರಿಕೊಂಡದ್ದು 1979ರಲ್ಲಿ. ಅವರ ಪುಸ್ತಕ ಇಡಿಯಾಗಿ ಜೆರಾಕ್ಸ್ ಮಾಡುವ ಹಾಗಿಲ್ಲ.

ಊಟ ತಪ್ಪಿಸಿಕೊಂಡ ಆ ಮಧ್ಯಾಹ್ನ ಮೂರು ಗಂಟೆಗೆ ನಾವು ತಿಂದ ದೋಸೆಯ ಬಗ್ಗೆ ಎಷ್ಟು ಹೇಳಿದರೂ ಸಾಲದು. ಗ್ರಂಥಾಲಯದಿಂದ ಎರಡು ಓಣಿ ಆಚೆ, ಬೋರ್ಡು ಕೂಡ ಇಲ್ಲದ ಅಂಗಡಿ. ಸೌದೆ ಒಲೆ. ಅಗಲ ಹಂಚಿನ ಮೇಲೆ ಒಂದೇ ಸಲ ಆರು ದೋಸೆ. ಅಕ್ಕ ಒಬ್ಬರು ಕೈಯಲ್ಲೇ ಬೆಣ್ಣೆಯ ಉಂಡೆ ತೆಗೆದು ದೋಸೆಯ ಮೇಲೆ ಬಿಡುತ್ತಾರೆ. ಅದು ಕರಗಿ ಅಂಚಿಗೆ ಹರಿದು, ಅಂಚು ಗರಿಗರಿ ಆಗುತ್ತದೆ. ನಡುವೆ ಮೆತ್ತಗೇ ಉಳಿಯುತ್ತದೆ. ಪಲ್ಯ ಒಳಗೆ ತುಂಬುವುದಿಲ್ಲ, ಪಕ್ಕದಲ್ಲಿಡುತ್ತಾರೆ. ಅರಿಶಿನ ಇಲ್ಲದ ಬಿಳಿ ಆಲೂಗಡ್ಡೆ ಪಲ್ಯ. ಚಟ್ನಿ ನೀರಾಗಿ, ಹಸಿಮೆಣಸಿನ ಖಾರ. ಮಗಳು ಎರಡು ತಿಂದಳು. ನಾನು ಮೂರು. ಒಂದಕ್ಕೆ 40 ರೂಪಾಯಿ. "ಇನ್ನೊಂದು ಹಾಕ್ಲೇನವ್ವಾ?" ಎಂದು ಕೇಳುತ್ತಲೇ ಇದ್ದರು. ಪಾರ್ಸೆಲ್ ಕಟ್ಟಿಸಬೇಡಿ, ಹಂಚಿನಿಂದ ಎಲೆಗೆ ಬಿದ್ದ ತಕ್ಷಣ ತಿನ್ನಬೇಕು. ತಿಂದು ಗ್ರಂಥಾಲಯಕ್ಕೆ ವಾಪಸ್ ಹೋಗುವುದಿದ್ದರೆ ಬೆಣ್ಣೆ ಕೈಯನ್ನು ಎರಡೆರಡು ಸಲ ತೊಳೆಯಿರಿ. ಸಂಜೆಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಎಲ್ಲಿ ತಿಂದರೂ ಚೆನ್ನ.

ಬುಧವಾರ ಚಿತ್ರದುರ್ಗಕ್ಕೆ ಹೋದದ್ದು ದಂಡ. ದಾರಿ 60 ಕಿಲೋಮೀಟರ್ ಅಷ್ಟೇ. "ನಾನ್‌ಸ್ಟಾಪ್, ನಾನ್‌ಸ್ಟಾಪ್" ಎಂದು ಕೂಗಿ ಹತ್ತಿಸಿಕೊಂಡ ಬಸ್ಸು ಹೈವೇ ಬಿಟ್ಟು ಆನಗೋಡು, ಭರಮಸಾಗರ ಎಂದು ಊರೂರಿಗೂ ನುಗ್ಗಿತು. ಎರಡೂವರೆ ಗಂಟೆ. ಕೇಳಿದರೆ "ಪ್ಯಾಸೆಂಜರ್ ಬೇಕಲ್ರಿ" ಅಂದರು. ಹತ್ತುವ ಮುಂಚೆ ಕಂಡಕ್ಟರ್ ಹತ್ತಿರ ಬೈಪಾಸ್ ಮೇಲೇ ಹೋಗುತ್ತದಾ ಎಂದು ಕೇಳಿ. ರೈಲು ನೆಚ್ಚಬೇಡಿ, ಸಾಮಾನ್ಯವಾಗಿ ಚಿಕ್ಕಜಾಜೂರಿನಲ್ಲಿ ಬದಲಾಯಿಸಬೇಕಾಗುತ್ತದೆ. ಕೋಟೆಯ ಬಾಗಿಲಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲು ನೋಡಿ ನಾವು ಹಾಗೇ ತಿರುಗಿ ಬಂದೆವು.

ಐದನೇ ಗಂಟು ಬಿಚ್ಚಲು ಆಗಲಿಲ್ಲ. ಮಂಗಳವಾರ ಸಂಜೆ ಬಾಗಿಲು ಹಾಕುವ ಹೊತ್ತಾಗಿತ್ತು. ಅದರಲ್ಲಿರುವ ಒಂದು ನಂಬರಿನ ಎದುರು ರಿಜಿಸ್ಟರ್‌ನಲ್ಲಿ 'ಬಾಲ ಪ್ರಪಂಚ' ಎಂದಿದೆ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳಲ್ಲಿ ತಂದ ಮಕ್ಕಳ ವಿಶ್ವಕೋಶ. ಮೂರೂ ಇವೆಯೋ ಒಂದೇ ಇದೆಯೋ ನೋಡಬೇಕು. "ಗಂಟು ಅಟ್ಟಕ್ಕ ಹಾಕಲ್ಲ, ಕೆಳಗಾ ಇಟ್ಟಿರ್ತೀನಿ ಬರ್ರಿ" ಅಂದಿದ್ದಾರೆ. ದಸರಾ ರಜೆಯಲ್ಲಿ, ಒಂದು ಮಂಗಳವಾರ, ಮತ್ತೆ ಹೋಗುತ್ತೇವೆ. ರೂಮು ಈ ಸಲ ಬೇರೆ ಕಡೆ ಹೇಳಿಟ್ಟಿದ್ದೇನೆ, ರೇಟು ಬರೆಸಿಕೊಂಡು.