ಹಿತ್ತಿಲಲ್ಲೊಂದು ಅಜ್ಜಿಮನೆ: ನಾಲ್ಕಡಿ ಬಿಟ್ಟರೆ ಸಾಕೇ?

ಕ್ಯಾಲಿಫೋರ್ನಿಯಾದಲ್ಲಿರುವ ಮಗನೋ ಮಗಳೋ ಫೋನಿನಲ್ಲಿ "ಹಿತ್ತಿಲಲ್ಲಿ ಎಡಿಯು ಕಟ್ಟಿಸ್ತೇವೆ, ನೀವು ಬಂದಾಗ ಅಲ್ಲೇ ಇರಬಹುದು" ಅಂದರೆ, ಕಾಸರಗೋಡಿನ ಬದಿಯಡ್ಕದಲ್ಲೋ ಪೆರ್ಲದಲ್ಲೋ ಕೂತವರಿಗೆ ಅದೇನು ದೊಡ್ಡ ಸಂಗತಿ ಅನಿಸಲಿಕ್ಕಿಲ್ಲ. ಹಟ್ಟಿಯ ಪಕ್ಕ ಎರಡು ಕೋಣೆ ಎಬ್ಬಿಸಿದ ಹಾಗೆ, ಮೇಸ್ತ್ರಿಗೆ ಹೇಳಿದರಾಯಿತು ಎಂಬ ಲೆಕ್ಕ. ಎಡಿಯು ಅಂದರೆ ಅಕ್ಸೆಸರಿ ಡ್ವೆಲಿಂಗ್ ಯುನಿಟ್: ಇರುವ ಮನೆಯ ಜಾಗೆಯಲ್ಲೇ ಅಡುಗೆಮನೆ, ಬಚ್ಚಲು, ಸ್ವಂತ ಬಾಗಿಲು ಇರುವ ಇನ್ನೊಂದು ಸಣ್ಣ ಮನೆ. ಜನರ ಬಾಯಲ್ಲಿ 'ಗ್ರ್ಯಾನಿ ಫ್ಲ್ಯಾಟ್'. ನಮಗೆ ಅಜ್ಜಿಮನೆ ಅಂದರೆ ಬೇಸಗೆ ರಜೆಗೆ ಮಕ್ಕಳು ಓಡುವ ಮನೆ. ಇಲ್ಲಿ ಅಜ್ಜಿಯೇ ಮೊಮ್ಮಕ್ಕಳ ಹಿತ್ತಿಲಿಗೆ ಬರುವುದು.

ಊರಲ್ಲಿ ಮನೆ ಕಟ್ಟಲು ಹೊರಟವರಿಗೆ ಮೊದಲ ತಲೆನೋವು ಜಾಗೆ ದಾಖಲೆಯಲ್ಲಿ ಗದ್ದೆಯೋ ಹಿತ್ತಿಲೋ ಎಂಬುದು. ಕೇರಳದ 2008ರ ಗದ್ದೆ-ಜೌಗುಭೂಮಿ ಕಾಯ್ದೆ ಬಂದ ಮೇಲಂತೂ ಅದೇ ಮುಖ್ಯ. ಕ್ಯಾಲಿಫೋರ್ನಿಯಾದ ತೊಡಕು ಬೇರೆ. ನಗರಗಳು ಬಡಾವಣೆಗಳನ್ನು ವಲಯಗಳಾಗಿ ಹಂಚಿ, ಬಹುಪಾಲು ಜಾಗೆಗೆ 'ಒಂದು ಸೈಟಿಗೆ ಒಂದೇ ಮನೆ' ಎಂದು ದಶಕಗಳ ಕಾಲ ಬೇಲಿ ಹಾಕಿದ್ದವು. ಎಡಿಯು ಮಟ್ಟಿಗೆ ಆ ಬೇಲಿಯನ್ನು ರಾಜ್ಯ ಸರಕಾರವೇ ಕಾನೂನು ತಂದು ಕಿತ್ತಿದೆ. ಈಗ ನಗರದ ಯೋಜನಾ ಕಚೇರಿ ಲಿಖಿತ ಅಳತೆಗಳನ್ನು ನೋಡಿ ಒಪ್ಪಬೇಕು, ಅಷ್ಟೆ. ಸಾರ್ವಜನಿಕ ವಿಚಾರಣೆ ಇಲ್ಲ, ನೆರೆಮನೆಯವರ ತಕರಾರಿಗೆ ಬೆಲೆ ಇಲ್ಲ. ಪೂರ್ಣ ಅರ್ಜಿ ಕೈಸೇರಿದ 60 ದಿನದಲ್ಲಿ ಹೌದು ಅಥವಾ ಇಲ್ಲ ಎನ್ನದಿದ್ದರೆ ಒಪ್ಪಿದ ಹಾಗೆಯೇ. ಹಿಡಿತ ಇರುವುದು 'ಪೂರ್ಣ' ಎಂಬ ಮಾತಿನಲ್ಲಿ. ಸೈಟ್ ಪ್ಲಾನ್, ಸ್ಟ್ರಕ್ಚರಲ್ ಲೆಕ್ಕ, ಟೈಟಲ್ 24 ಎಂಬ ಇಂಧನ ಲೆಕ್ಕ, ಇವುಗಳಲ್ಲಿ ಒಂದು ಕಡಿಮೆಯಾದರೂ ಆ 60 ದಿನ ಶುರುವಾಗುವುದೇ ಇಲ್ಲ.

ನಗರ ತಡೆಯಲಾಗದ ಕನಿಷ್ಠ ಅಳತೆ ಹೀಗಿದೆ: 800 ಚದರ ಅಡಿಯವರೆಗಿನ ಮನೆ, ಹಿಂದೆ ಮತ್ತು ಬದಿಗಳಲ್ಲಿ 4 ಅಡಿ ಬಿಡುವು, 16 ಅಡಿ ಎತ್ತರ. ಸೈಟಿನಲ್ಲಿ ಇಷ್ಟೇ ಶೇಕಡಾ ಕಟ್ಟಬೇಕು ಎಂಬ ಸ್ಥಳೀಯ ಮಿತಿ ಇದಕ್ಕೆ ಅಡ್ಡ ಬರುವಂತಿಲ್ಲ. ಅದಕ್ಕಿಂತ ದೊಡ್ಡದು ಬೇಕಾದರೆ ಆಯಾ ನಗರದ ನಿಯಮ ನೋಡಬೇಕು. ಬಸ್ಸು-ರೈಲಿಗೆ ಅರ್ಧ ಮೈಲಿ ನಡಿಗೆಯೊಳಗಿದ್ದರೆ ಹೊಸ ಪಾರ್ಕಿಂಗ್ ಕೇಳುವಂತಿಲ್ಲ. ಗ್ಯಾರೇಜನ್ನೇ ಮನೆ ಮಾಡಿದರೆ ಕಳೆದುಹೋದ ಪಾರ್ಕಿಂಗನ್ನು ಬೇರೆಡೆ ತುಂಬಿಕೊಡು ಎನ್ನುವಂತೆಯೂ ಇಲ್ಲ.

ಲೆಕ್ಕ ಹಾಕಿ ನೋಡೋಣ. 50 ಅಡಿ ಅಗಲ, 100 ಅಡಿ ಉದ್ದದ ಸೈಟು, ನಮ್ಮ ಮಾತಿನಲ್ಲಿ ಹನ್ನೊಂದೂವರೆ ಸೆಂಟ್ಸ್. ಮನೆಯ ಹಿಂದೆ 35 ಅಡಿ ಹಿತ್ತಿಲು ಅಂತಿಟ್ಟುಕೊಳ್ಳಿ. ಎರಡು ಬದಿಗೆ ನಾಲ್ಕು ನಾಲ್ಕು ಅಡಿ ಹೋದರೆ ಅಗಲ 42. ಹಿಂದೆ 4, ಮುಖ್ಯ ಮನೆಯಿಂದ 10 ಅಡಿ ಬಿಟ್ಟರೆ ಉದ್ದ 21. ಅಂದರೆ 882 ಚದರ ಅಡಿ. 40 ಅಡಿ ಅಗಲ 20 ಅಡಿ ಉದ್ದದ ಮನೆ ಸಲೀಸಾಗಿ ಕೂರುತ್ತದೆ. ಆದರೆ ಸೈಟಿನ ಹಿಂಬದಿಯಲ್ಲಿ ಕರೆಂಟು ಅಥವಾ ಒಳಚರಂಡಿ ಲೈನಿಗೆಂದು 10 ಅಡಿ 'ಈಸ್‌ಮೆಂಟ್' ಇದ್ದರೆ ಅದರ ಮೇಲೆ ಕಟ್ಟಲಿಕ್ಕಿಲ್ಲ. ಆಗ ಉದ್ದ 15ಕ್ಕೆ ಇಳಿಯಿತು, ಮನೆ 630 ಚದರ ಅಡಿಗೆ ಬಂತು. ಇದು ಬೇಲಿ ನೋಡಿದರೆ ಕಾಣುವುದಿಲ್ಲ. ಮನೆ ಕೊಳ್ಳುವಾಗ ಬಂದ ಟೈಟಲ್ ರಿಪೋರ್ಟಿನಲ್ಲಿ (ಜಾಗೆಯ ಹಕ್ಕಿನ ವರದಿಯಲ್ಲಿ) ಇರುತ್ತದೆ, ಯಾರೂ ಓದಿರುವುದಿಲ್ಲ. ನಕ್ಷೆಗೆ ದುಡ್ಡು ಕೊಡುವ ಮೊದಲು ಅದನ್ನು ತೆಗೆದು ಓದಬೇಕು.

ಇನ್ನೊಂದು ಬಲೆ ಆ ನಾಲ್ಕಡಿಯಲ್ಲೇ ಇದೆ. ವಲಯ ನಿಯಮ 4 ಅಡಿ ಸಾಕು ಅನ್ನುತ್ತದೆ. ಕಟ್ಟಡ ನಿಯಮಕ್ಕೆ 5 ಅಡಿಗಿಂತ ಹತ್ತಿರದ ಗೋಡೆ ಅಂದರೆ ಬೆಂಕಿಯ ಭಯ. ಇಲ್ಲಿನ ಮನೆಗಳು ಮುರಕಲ್ಲಿನವಲ್ಲ, ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದವು. ಹಾಗಾಗಿ ಆ ಗೋಡೆ ಒಂದು ಗಂಟೆ ಬೆಂಕಿ ತಡೆಯುವಂತಿರಬೇಕು, ಕಿಟಕಿ-ಬಾಗಿಲು ಗೋಡೆಯ ಕಾಲು ಭಾಗ ಮೀರಬಾರದು. (ಬೆಂಕಿ ಬಿದ್ದಾಗ ನೀರು ಚಿಮ್ಮುವ ಸ್ಪ್ರಿಂಕ್ಲರ್ ಹಾಕಿದರೆ ಸಡಿಲಿಕೆ ಉಂಟು, ಮುಖ್ಯ ಮನೆಗೆ ಕಡ್ಡಾಯವಿಲ್ಲದಿದ್ದರೆ ಎಡಿಯುಗೂ ಸ್ಪ್ರಿಂಕ್ಲರ್ ಕಡ್ಡಾಯವಿಲ್ಲ.) ಮಲಗುವ ಕೋಣೆಯ ಕಿಟಕಿಯಿಂದ ಹೊರಗೆ ದಾಟಲಿಕ್ಕಾಗಬೇಕು: ನೆಲದಂತಸ್ತಿನಲ್ಲಿ 5 ಚದರ ಅಡಿ ತೆರಪು, ಕೆಳ ಅಂಚು ನೆಲದಿಂದ 44 ಇಂಚಿನೊಳಗೆ. ಜಾಗ ಇದ್ದರೆ ಐದಡಿ ಬಿಡುವುದೇ ವಾಸಿ. ಒಂದಡಿ ಆಸೆಗೆ ಗೋಡೆಯ ಖರ್ಚು ಏರಿಸಿಕೊಳ್ಳುವುದು ಬುದ್ಧಿವಂತಿಕೆಯಲ್ಲ.

ದುಡ್ಡು ನಿಜವಾಗಿ ಹರಿದುಹೋಗುವುದು ಮಣ್ಣಿನಡಿಗೆ. ಕೊಳಚೆ ಪೈಪು ಅಡಿಗೆ ಕಾಲು ಇಂಚಿನಂತೆ ಇಳಿಯಬೇಕು. ಹಿತ್ತಿಲ ಮನೆಯಿಂದ ಮುಖ್ಯ ಲೈನು 60 ಅಡಿ ದೂರವಿದ್ದರೆ 15 ಇಂಚು ಇಳಿಜಾರು ಬೇಕು. ಹಳೆಯ ಲೈನು ಅಷ್ಟು ಆಳದಲ್ಲಿಲ್ಲ, ಅಥವಾ ಸೈಟು ರಸ್ತೆಗಿಂತ ತಗ್ಗಿನಲ್ಲಿದೆ ಅಂದರೆ ಕೊಳಚೆಯನ್ನು ಮೇಲೆತ್ತುವ ಪಂಪು ಬೇಕು, ಕರೆಂಟು ಹೋದಾಗ ಅದೂ ನಿಲ್ಲುತ್ತದೆ. ಗುಡ್ಡೆ-ತಗ್ಗಿನ ನಮ್ಮೂರಿನವರಿಗೆ ನೀರಿನ ಇಳಿಜಾರು ಬೇರೆ ಹೇಳಿಕೊಡಬೇಕಿಲ್ಲ. ತೋಟಕ್ಕೆ ಕಣಿ ತೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಆರ್ಕಿಟೆಕ್ಟನ್ನು ಕರೆಯುವ ಮೊದಲೇ ಪ್ಲಂಬರನಿಂದ ಪೈಪಿನೊಳಗೆ ಕ್ಯಾಮೆರಾ ಬಿಡಿಸಿ ಆಳ ಅಳೆಸಿ.

ಕರೆಂಟಿನದೂ ಅದೇ ಕತೆ. ಹಳೆಯ ಮನೆಗಳ ಪ್ಯಾನಲ್, ಅಂದರೆ ಮುಖ್ಯ ಕರೆಂಟು ಪೆಟ್ಟಿಗೆ, ಹಲವೆಡೆ 100 ಆಂಪಿಯರಿನದು. ಅದಕ್ಕೆ ಕಾರಿನ ಚಾರ್ಜರ್, ಎಲೆಕ್ಟ್ರಿಕ್ ಒಲೆ, ಹೀಟ್ ಪಂಪ್ ಸೇರಿಸಿದರೆ ಲೋಡ್ ಲೆಕ್ಕ ಒಪ್ಪುವುದಿಲ್ಲ, 200 ಆಂಪಿಯರಿಗೆ ಏರಿಸಬೇಕು. ಪ್ಯಾನಲ್ ಬದಲಿಸುವುದು ಒಂದು ದಿನದ ಕೆಲಸ. ಕರೆಂಟು ಕಂಪೆನಿಯ ಸರದಿಗೆ ಕಾಯುವುದು ತಿಂಗಳುಗಟ್ಟಲೆ. ಪರ್ಮಿಟ್ಟಿನ ಜೊತೆಜೊತೆಗೇ ಆ ಅರ್ಜಿಯನ್ನೂ ಹಾಕಬೇಕು. ಹೊಸದಾಗಿ ಬಿಡಿಯಾಗಿ ಕಟ್ಟುವ ಎಡಿಯುಗೆ ಸೋಲಾರ್ ಕೂಡ ಬೇಕು. ಮುಖ್ಯ ಮನೆಯ ಮಾಡಿನ ಮೇಲೆ ಇಟ್ಟರೂ ನಡೆಯುತ್ತದೆ.

ಖರ್ಚು ಉಳಿಸಲು ಗ್ಯಾರೇಜನ್ನೇ ಮಾರ್ಪಡಿಸುವವರು ಬಹಳ. ಗೋಡೆ, ಮಾಡು ಸಿದ್ಧ ಇದೆಯಲ್ಲ ಅಂತ. ಆದರೆ ನೀರು ಹೊರಗೆ ಹರಿಯಲೆಂದು ಗ್ಯಾರೇಜಿನ ನೆಲ ಬಾಗಿಲ ಕಡೆಗೆ ವಾಲಿರುತ್ತದೆ, ಹಳೆಯದಾದರೆ ಕಾಂಕ್ರೀಟಿನಡಿ ತೇವ ತಡೆಯುವ ಪ್ಲಾಸ್ಟಿಕ್ ಹಾಳೆ ಇರುವುದಿಲ್ಲ, ದೊಡ್ಡ ಬಾಗಿಲಿದ್ದಲ್ಲಿ ಗೋಡೆ ಹೊರುವಂಥ ಪಂಚಾಂಗವೂ ಇರಲಿಕ್ಕಿಲ್ಲ. ಮೂರನ್ನೂ ಸರಿಪಡಿಸಿದ ಮೇಲೆ ಉಳಿತಾಯ ಅಂದುಕೊಂಡಷ್ಟಿರುವುದಿಲ್ಲ.

ನಕ್ಷೆಗಳಲ್ಲಿ 749 ಎಂಬ ವಿಚಿತ್ರ ಸಂಖ್ಯೆ ಮತ್ತೆ ಮತ್ತೆ ಕಾಣುವುದಕ್ಕೆ ಕಾರಣವಿದೆ: 750 ಚದರ ಅಡಿಯೊಳಗಿದ್ದರೆ ನಗರದ 'ಇಂಪ್ಯಾಕ್ಟ್ ಫೀ' (ಹೊಸ ಮನೆಯಿಂದ ರಸ್ತೆ, ಪಾರ್ಕುಗಳ ಮೇಲೆ ಬೀಳುವ ಹೊರೆಗೆಂದು ವಸೂಲಿಸುವ ಶುಲ್ಕ) ಇಲ್ಲ. ಆಸ್ತಿ ತೆರಿಗೆಗೆ ಬೆದರಬೇಕಿಲ್ಲ. ಮತದಾರರು ಒಪ್ಪಿದ 1978ರ ಪ್ರೊಪೊಸಿಷನ್ 13 ಎಂಬ ತೆರಿಗೆ ಕಾನೂನಿನ ಪ್ರಕಾರ ಹೊಸದಾಗಿ ಕಟ್ಟಿದ ಭಾಗಕ್ಕೆ ಮಾತ್ರ ಬೆಲೆ ಕಟ್ಟುತ್ತಾರೆ, ಹಳೆಯ ಮನೆಯ ಲೆಕ್ಕ ಹಾಗೇ ಉಳಿಯುತ್ತದೆ. ಬಾಡಿಗೆಗೆ ಕೊಡಬಹುದು, ಆದರೆ ಎರಡು ದಿನ, ವಾರದ ಲೆಕ್ಕದ ಬಾಡಿಗೆಯನ್ನು ನಗರ ನಿಷೇಧಿಸಬಹುದು.

ಅಪ್ಪ ಅಮ್ಮ ವರ್ಷಕ್ಕೊಮ್ಮೆ ಆರು ತಿಂಗಳಿಗೆ ಬರುವುದಾದರೆ 'ಜೂನಿಯರ್ ಎಡಿಯು' ಸಾಕಾಗುತ್ತದೆ. ಮುಖ್ಯ ಮನೆಯ ಗೋಡೆಯೊಳಗೇ 500 ಚದರ ಅಡಿಯವರೆಗೆ, ಸಣ್ಣ ಅಡುಗೆಕಟ್ಟೆ, ಹೊರಗಿನಿಂದ ಬೇರೆ ಬಾಗಿಲು. ಬಚ್ಚಲು ಮುಖ್ಯ ಮನೆಯದೇ ಆದರೆ ಒಳಗಿನಿಂದಲೂ ಬಾಗಿಲಿರಬೇಕು, ಆಗ ಮಾಲೀಕರೂ ಅದೇ ಜಾಗೆಯಲ್ಲಿ ವಾಸವಿರಬೇಕು. ರಾತ್ರಿ ಎದ್ದು ಬರುವ ಹಿರಿಯರಿಗೆ ಚಳಿಯಲ್ಲಿ ಅಂಗಳ ದಾಟುವುದಕ್ಕಿಂತ ಇದೇ ಮೇಲು.

ತಪಾಸಣೆಗೆ ಕ್ರಮ ಉಂಟು: ಕಾಂಕ್ರೀಟ್ ಸುರಿಯುವ ಮೊದಲು ಪಂಚಾಂಗ ಮತ್ತು ನೆಲದಡಿಯ ಪೈಪು, ಚೌಕಟ್ಟು ಎದ್ದ ಮೇಲೆ ವಯರಿಂಗ್-ಪ್ಲಂಬಿಂಗ್, ನಂತರ ಇನ್ಸುಲೇಶನ್, ಜಿಪ್ಸಮ್ ಹಲಗೆ, ಕಡೆಗೆ ಫೈನಲ್. ಕಂತ್ರಾಟಿನವನು ಅವಸರಪಟ್ಟು ವಯರಿಂಗ್ ತೋರಿಸದೆ ಹಲಗೆ ಹೊಡೆದರೆ, ಇನ್‌ಸ್ಪೆಕ್ಟರ್ ಗೋಡೆ ಬಿಚ್ಚಿಸುತ್ತಾರೆ. ಫೈನಲಿಗೆ ಸಹಿ ಬೀಳುವ ತನಕ ಒಳಗೆ ವಾಸ ಮಾಡುವ ಹಾಗಿಲ್ಲ. ಪಂಚಾಯತಿನಿಂದ ಮನೆ ನಂಬರು ಸಿಗುವ ಮೊದಲೇ ಒಕ್ಕಲು ಮಾಡುವ ಅಭ್ಯಾಸದವರು ಗಮನಿಸಿ: ಕೋಳಿಕ್ಕೋಡಿನಿಂದಲೋ ಮಂಗಳೂರಿನಿಂದಲೋ ಟಿಕೆಟ್ ಮಾಡುವುದು ಆ ಸಹಿಯ ಪ್ರತಿ ವಾಟ್ಸಾಪಿನಲ್ಲಿ ಬಂದ ಮೇಲೆ.